ನೂರೋವಾನ ಬೈಕಿನ ಅಸಲಿ ಬಣ್ಣ

ರರೊಟೋಂಗಾ ದ್ವೀಪದಲ್ಲಿ ಮನುಷ್ಯರಿಗೆ ಮುಖ ಇರುವುದು ಕನ್ನಡಿ ನೋಡಿಕೊಳ್ಳುವುದಕ್ಕೆ ಮಾತ್ರ. ಗುರುತು ಹಿಡಿಯುವುದಕ್ಕೆ ಬೈಕುಗಳಿವೆ. ದ್ವೀಪವನ್ನು ಸುತ್ತುವ ಆ ಒಂದೇ ರಸ್ತೆಯಲ್ಲಿ ಎದುರಿನಿಂದ ಬೈಕು ಬಂತೆಂದರೆ ಜನ ಮೊದಲು ಅದರ ಮಡ್‌ಗಾರ್ಡು ನೋಡುತ್ತಾರೆ, ಆಮೇಲೆ ಕೈ ಬೀಸುತ್ತಾರೆ. ಮೇಲೆ ಕೂತವರು ಯಾರೆಂದು ನೋಡುವ ಪದ್ಧತಿಯೇ ಇಲ್ಲ. ಅಣ್ಣನ ಬೈಕಿನಲ್ಲಿ ತಮ್ಮ ಹೋದರೆ ಆ ದಿನದ ಮಟ್ಟಿಗೆ ತಮ್ಮನೇ ಅಣ್ಣ. ಪಾದ್ರಿಗಳ ಬೈಕನ್ನು ಎರವಲು ತೆಗೆದುಕೊಂಡ ಕುಡುಕನೊಬ್ಬನಿಗೆ ಊರೆಲ್ಲ ಟೋಪಿ ತೆಗೆದು ವಂದಿಸಿ, ಅಷ್ಟು ಮರ್ಯಾದೆಯನ್ನು ತಡೆಯಲಾರದೆ ಅವನು ಕುಡಿತವನ್ನೇ ಬಿಟ್ಟ ಎಂಬ ಮಾತಿದೆ. ಇರಲಿಕ್ಕೂ ಸಾಕು.

ಅರೊರಂಗಿ ಎಂಬ ಹಳ್ಳಿಯ ನೂರೋವಾನ ಬೈಕನ್ನಂತೂ ಕಣ್ಣು ಮುಚ್ಚಿಕೊಂಡವರೂ ಗುರುತಿಸುತ್ತಿದ್ದರು. ಅವನು ಹೋಟೆಲುಗಳ ಹಿಂಬಾಗಿಲಿನಿಂದ ಉಳಿದ ಊಟವನ್ನು ಬಕೆಟ್ಟುಗಳಲ್ಲಿ ತುಂಬಿಕೊಂಡು ಬಂದು ಹಂದಿ ಸಾಕುವವನು. ಬೈಕಿಗಿಂತ ಮುಂಚೆ ಅದರ ವಾಸನೆ ಬಂದು, ದಾರಿ ಬಿಡಿ ಎನ್ನುತ್ತಿತ್ತು. ಇನ್ನು ಬಣ್ಣದ ಮಾತು. ಆ ಬೈಕಿನ ಮೇಲೆ ದ್ವೀಪದ ಚರಿತ್ರೆಯೇ ಪದರಪದರವಾಗಿ ಕೂತಿತ್ತು. ಮೇಲೆ ಹವಳದ ಬಿಳಿ ಪುಡಿ, ಅದರ ಕೆಳಗೆ ಕೆಸುವಿನ ಗದ್ದೆಯ ಕರಿ ಕೆಸರು, ಅದರ ಕೆಳಗೆ ಕಡಲಿನ ಉಪ್ಪು, ಮಾವಿನ ಸೊನೆ, ಬೂದಿ, ಹುಳಹುಪ್ಪಟೆ, ಎಲ್ಲಕ್ಕಿಂತ ತಳದಲ್ಲಿ, ರಸ್ತೆಗೆ ಡಾಂಬರು ಹಾಕಿದ ಆ ಬೇಸಗೆಯಲ್ಲಿ ಸಿಡಿದ ಟಾರು. ಈ ಟಾರು ಮೇಲಿನ ಎಲ್ಲವನ್ನೂ ತಾಯಿಯಂತೆ ತಬ್ಬಿ ಹಿಡಿದಿತ್ತು. ಒಮ್ಮೆ ಚಂಡಮಾರುತ ಬಂದು ನೂರೋವಾನ ಮನೆಯ ತಗಡುಗಳನ್ನೆಲ್ಲ ಹಾರಿಸಿಕೊಂಡು ಹೋಯಿತು. ಬೈಕಿನ ಕೊಳೆಯ ಒಂದು ಚಕ್ಕೆಯನ್ನೂ ಅಲುಗಿಸಲು ಅದರ ಕೈಯಲ್ಲಾಗಲಿಲ್ಲ.

ಗುರುವಾರ ಸಂಜೆ ಆಕ್ಲೆಂಡಿನಿಂದ ಫೋನು ಬಂತು.

"ನೂರೋವಾ, ನಾನು ಅಕಯಿತಿ."

ಕೂತಿದ್ದ ನೂರೋವಾ ಎದ್ದು ನಿಂತ. ಮತ್ತೇನು ಮಾಡುವುದೆಂದು ತಿಳಿಯದೆ ಮತ್ತೆ ಕೂತ. ಇಪ್ಪತ್ತು ವರ್ಷಗಳ ಹಿಂದೆ ಈ ಅಕಯಿತಿ ಅವನ ಬೈಕಿನ ಹಿಂದೆ ಕೂತು ದ್ವೀಪ ಸುತ್ತಿದವಳು. ಕೆಲಸ ಸಿಕ್ಕಿ ನ್ಯೂಜಿಲೆಂಡಿಗೆ ಹೊರಟ ದಿನ, "ವಿಮಾನ ನಿಲ್ದಾಣಕ್ಕೆ ಬಂದು ನಿನ್ನ ಹತ್ತಿರ ಒಂದು ಮುಖ್ಯವಾದ ಮಾತು ಕೇಳ್ತೀನಿ" ಎಂದಿದ್ದ ನೂರೋವಾ, ದಾರಿಯಲ್ಲಿ ತಪ್ಪಿಸಿಕೊಂಡ ಹಂದಿಯೊಂದನ್ನು ಕಂಡು ಅದರ ಹಿಂದೆ ಓಡಿದ. ಹಂದಿ ಸಿಕ್ಕಿತು. ವಿಮಾನ ಹೋಯಿತು. ಮಾತು ಹಾಗೆಯೇ ಉಳಿಯಿತು.

"ಶನಿವಾರ ಮಧ್ಯಾಹ್ನದ ವಿಮಾನಕ್ಕೆ ಬರ್ತಿದೀನಿ. ವಾಪಸ್ ಟಿಕೆಟ್ ಇನ್ನೂ ಮಾಡ್ಸಿಲ್ಲ."

"ಓ."

"ಏನು ಓ? ಆ ಕೆಂಪು ಬೈಕು ಇದೆಯೋ, ಮಾರ್ಕೊಂಡ್ಯೋ?"

'ಇದೆ' ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ ದ್ವೀಪಕ್ಕೆ ಇಷ್ಟೆಲ್ಲ ತೊಂದರೆ ಆಗುತ್ತಿರಲಿಲ್ಲ. ಆದರೆ ಹಳೆಯ ಪ್ರೀತಿಯ ಎದುರು ಗಂಡಸರ ನಾಲಿಗೆಗೆ ಬ್ರೇಕು ಇರುವುದಿಲ್ಲ.

"ಇದೆಯಾ ಅಂದ್ರೆ! ನೀನು ಹೋದ ದಿನ ಹೇಗಿತ್ತೋ ಹಾಗೇ ಇದೆ. ದಿನಾ ಒರೆಸ್ತೀನಿ. ಅದ್ರಲ್ಲಿ ಮುಖ ನೋಡ್ಕೊಂಡು ಗಡ್ಡ ಕೆರ್ಕೊಳ್ತೀನಿ."

"ಸುಳ್ಳು."

"ಅಪ್ಪನ ಗೋರಿ ಮೇಲಾಣೆ."

"ಸರಿ ಹಾಗಾದ್ರೆ. ಅಣ್ಣ ವ್ಯಾನ್ ತರ್ತಾನಂತೆ. ನಾನು ಹೊರಗೆ ಬಂದಾಗ ಕೆಂಪು ಬೈಕು ನಿಂತಿದ್ರೆ ಅದ್ರಲ್ಲಿ ಕೂರ್ತೀನಿ. ಇಲ್ದಿದ್ರೆ ವ್ಯಾನ್ ಹತ್ತಿ ಅಣ್ಣನ ಮನೆಗೆ ಹೋಗಿ, ವಾರದೊಳಗೆ ವಾಪಸ್. ನಿನ್ ಮುಖ ಎಲ್ಲಾ ಮರ್ತೋಗಿದೆ ನೂರೋವಾ. ಬೈಕು ಮಾತ್ರ ನೆನಪಿದೆ."

ಫೋನು ಇಟ್ಟ ನೂರೋವಾ ಹೊರಗೆ ಬಂದು ತನ್ನ ಬೈಕನ್ನು ನೋಡಿದ. ಅದು ಕೆಂಪು ಎಂಬುದು ಅವನಿಗೇ ಮರೆತುಹೋಗಿತ್ತು.

ಈ ವಿಷಯ ಯಾರಿಗೂ ತಿಳಿಯಬಾರದೆಂದು ಅವನು ತೀರ್ಮಾನಿಸಿದ. ಮುಖ್ಯವಾಗಿ ಪಕ್ಕದ ಮನೆಯ ತುವಾಯಿನೆ ಅತ್ತೆಗೆ. ಅತ್ತೆಗೆ ಹೇಳುವುದೂ ರೇಡಿಯೋದಲ್ಲಿ ಹೇಳುವುದೂ ಒಂದೇ. ರೇಡಿಯೋಗಾದರೂ ಆಗಾಗ ಕರೆಂಟು ಹೋಗುತ್ತದೆ. ಹಾಗಾಗಿ ಶುಕ್ರವಾರ ಬೆಳಿಗ್ಗೆ, ನಲ್ಲಿಯಿರುವ ಜಾಗದಲ್ಲಿ, ಅಂದರೆ ದ್ವೀಪದ ಪದ್ಧತಿಯಂತೆ ಮನೆಯ ಮುಂದೆಯೇ ಇದ್ದ ಅಪ್ಪನ ಗೋರಿಯ ಪಕ್ಕದಲ್ಲಿ, ಒಂದು ನೀಲಿ ಟಾರ್ಪಾಲು ಕಟ್ಟಿ ಬೈಕನ್ನು ಅದರೊಳಗೆ ಬಚ್ಚಿಟ್ಟ. ತೊಳೆದ ಕರಿ ನೀರು ಅಪ್ಪನ ಕಡೆ ಹರಿಯದಿರಲೆಂದು ಗೋರಿಯ ಪಕ್ಕದಲ್ಲೇ ಉದ್ದಕ್ಕೆ ಒಂದು ಗುಂಡಿ ತೋಡಿದ. ಬದುಕಿದ್ದಾಗಲೂ ಅಪ್ಪ ಕಾಲು ಒದ್ದೆಯಾದರೆ ಸಿಡುಕುತ್ತಿದ್ದ.

ಆಮೇಲೆ ಯುದ್ಧ ಶುರುವಾಯಿತು. ಪಾತ್ರೆ ಸೋಪು ಹಾಕಿ ತಿಕ್ಕಿದ. ಬೈಕು ಬೆಚ್ಚಗೆ ಸ್ನಾನ ಮಾಡಿಸಿಕೊಂಡಂತೆ ಸುಖವಾಗಿ ನಿಂತಿತ್ತು. ತಂತಿ ಬ್ರಷ್ಷು ತಂದ. ಬ್ರಷ್ಷು ಬೋಳಾಯಿತು. ಬುಟ್ಟಿ ತುಂಬ ನಿಂಬೆಹಣ್ಣು ಹಿಂಡಿದ. ರಸ ಅವನ ಕಣ್ಣಿಗೇ ಸಿಡಿದು, ಕಣ್ಣು ಕೆಂಪಾಯಿತೇ ಹೊರತು ಬೈಕು ಆಗಲಿಲ್ಲ. ಅಂಗಡಿಯಿಂದ ತಂದ ಪವಾಡದ ದ್ರಾವಣದ ಬಾಟಲಿಯ ಮೇಲೆ ಒಬ್ಬ ಬಿಳಿ ಹಲ್ಲಿನ ಮನುಷ್ಯ ನಗುತ್ತಿದ್ದ. ಬಾಟಲಿ ಖಾಲಿಯಾದ ಮೇಲೂ ನಗುತ್ತಲೇ ಇದ್ದ. ಆ ಹೊತ್ತಿಗೆ ನೂರೋವಾನಿಗೆ ಸೀಟಿನ ಕೆಳಗೆ ಕಾಸಿನಗಲದ ಒಂದು ಕೆಂಪು ಚುಕ್ಕೆ ಕಂಡಿತು. ಹಿಂದೊಮ್ಮೆ ಚರ್ಚಿನ ಕುಣಿತದ ತಂಡಕ್ಕೆ ಅತ್ತೆ ಕಳಿಸಿದ್ದ ತೆಂಗಿನೆಣ್ಣೆಯ ಬಾಟಲಿ ಸೋರಿದ್ದು ಅಲ್ಲೇ.

ಅವನು ಹಾಗೇ ಎದ್ದು ಅತ್ತೆಯ ಮನೆಗೆ ಓಡಿದ.

"ಅತ್ತೆ, ಸ್ವಲ್ಪ ತೆಂಗಿನೆಣ್ಣೆ ಬೇಕಿತ್ತು."

"ಎಷ್ಟೋ?"

"ಇರೋದೆಲ್ಲಾ."

ಅತ್ತೆ ಟೋಪಿ ಹೆಣೆಯುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು. ಕೆಂಪು ಕಣ್ಣು, ಕಪ್ಪಗಾದ ಉಗುರು. "ಯಾಕೋ? ಏನಾಯ್ತೋ?"

"ಮೊಣಕಾಲು ನೋವು."

"ಇಷ್ಟೆಣ್ಣೆ ಹಚ್ಚೋಕೆ ನಿಂಗೆ ಎಷ್ಟು ಮೊಣಕಾಲಿದೆಯೋ?"

"ತುಂಬಾ ನೋವು ಅತ್ತೆ. ಮೇಲಕ್ಕೆ ಹತ್ತುತಾ ಇದೆ."

ಈ ಕೊನೆಯ ಮಾತು ಬೇಕಿರಲಿಲ್ಲ.

ಎಣ್ಣೆ ಕೆಲಸ ಮಾಡಿತು. ಬೆಚ್ಚಗೆ ಮಾಡಿ ಹಚ್ಚಿ, ಬಿಸಿಲು ಕುಡಿಸಿ, ಚಿಪ್ಪಿನ ಅಂಚಿನಿಂದ ಮೆಲ್ಲಗೆ ಕೆರೆದು, ಹಳೇ ಬನಿಯನ್ನಿನಿಂದ ಒರೆಸಿದ. ಮೊದಲು ಕಳೆದ ಮಳೆಗಾಲ ಕಳಚಿತು. ಆಮೇಲೆ ಅದರ ಹಿಂದಿನ ಚಂಡಮಾರುತ ಬಿಟ್ಟುಕೊಟ್ಟಿತು. ಶನಿವಾರ ಬೆಳಗಾಗಿ ಸ್ವಲ್ಪ ಹೊತ್ತಿಗೆಲ್ಲ ಡಾಂಬರಿನ ಬೇಸಗೆಯೇ ಕರಗಿ ಗುಂಡಿಗೆ ಇಳಿದು, ಕೊಯ್ದಿಟ್ಟ ಕಲ್ಲಂಗಡಿಯಂಥ ಕೆಂಪು ಬೈಕೊಂದು ಟಾರ್ಪಾಲಿನ ಕೆಳಗೆ ನಿಂತಿತ್ತು. ಟ್ಯಾಂಕಿನ ಮೇಲೆ ಒಂದು ಗುಳಿ ಕೂಡ ಹೊರಬಿತ್ತು. ಯಾವುದೋ ಜಗಳದಲ್ಲಿ ಅಕಯಿತಿ ಅವನ ಕಡೆಗೆ ಎಳನೀರು ಎಸೆದಿದ್ದಳು. ಅವನು ತಪ್ಪಿಸಿಕೊಂಡಿದ್ದ, ಬೈಕು ತಪ್ಪಿಸಿಕೊಂಡಿರಲಿಲ್ಲ.

ನೂರೋವಾ ಬಕೆಟ್ಟುಗಳನ್ನು ಬಿಚ್ಚಿಟ್ಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಪ್ಪು ಗಾಜಿನ ಹೊಸ ಹೆಲ್ಮೆಟ್ ಹಾಕಿಕೊಂಡು, ಮಾಲೆ ಕೊಳ್ಳಲು ಪೇಟೆಗೆ ಹೊರಟ.

ಜಗುಲಿಯಲ್ಲಿ ಕೂತಿದ್ದ ತುವಾಯಿನೆ ಅತ್ತೆ ಕಂಡದ್ದು ಇಷ್ಟು: ಗುರುತಿಲ್ಲದ ಒಂದು ಕೆಂಪು ಬೈಕು, ಅದರ ಮೇಲೆ ಬಿಳಿ ಅಂಗಿಯ ಒಬ್ಬ ಗಂಭೀರ ಮನುಷ್ಯ, ನೂರೋವಾನ ಮನೆಯಿಂದ ತಲೆ ತಗ್ಗಿಸಿಕೊಂಡು ಹೊರಗೆ ಹೋದ.

"ಡಾಕ್ಟ್ರು," ಎಂದಳು ಅತ್ತೆ. ಬೇಲಿ ದಾಟಿ ಬಂದು ನೋಡಿದಳು. ನೂರೋವಾನ ಬೈಕು ಇಲ್ಲ. ನೂರೋವಾ ಇಲ್ಲ, ಆಸ್ಪತ್ರೆಗೆ ಒಯ್ದಿರಬೇಕು. ಹಂದಿಗಳು ಹಸಿದು ಅರಚುತ್ತಿವೆ. ಖಾಲಿಯಾದ ಎಣ್ಣೆ ಬಾಟಲಿ ಉರುಳಿ ಬಿದ್ದಿದೆ. ಸಾವಿನ ಮನೆಯಲ್ಲಿ ನೆಂಟರಿಗೆಂದು ಕಟ್ಟುವಂಥದೇ ನೀಲಿ ಟಾರ್ಪಾಲು ಅಂಗಳದಲ್ಲಿ ಕಟ್ಟಿದೆ. ಅದರ ಕೆಳಗೆ, ಅಪ್ಪನ ಗೋರಿಯ ಪಕ್ಕದಲ್ಲಿ, ಆಗಷ್ಟೇ ತೋಡಿದ ಗುಂಡಿ.

ಇದಕ್ಕಿಂತ ಹೆಚ್ಚಿನ ಪುರಾವೆಯನ್ನು ಯಾವ ನ್ಯಾಯಾಧೀಶರೂ ಕೇಳುವುದಿಲ್ಲ.

"ಅಯ್ಯೋ ನನ್ ಕಂದಾ! ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ ಗುಂಡೀನೂ ತಾನೇ ತೋಡ್ಕೊಂಡು ಹೋದ್ಯಲ್ಲೋ!" ಎಂದು ಅತ್ತೆ ಅಲ್ಲೇ ಗೋರಿಯ ಮೇಲೆ ಕೂತು ಅತ್ತಳು. ಅತ್ತು ಮುಗಿಸಿ ಫೋನು ತೆಗೆದಳು.

ದ್ವೀಪದ ಬಸ್ಸುಗಳಂತೆ ಸುದ್ದಿಯೂ ರಸ್ತೆಯ ಎರಡು ದಿಕ್ಕಿಗೂ ಹೊರಟಿತು. ಬಲಕ್ಕೆ ಹೋದ ಸುದ್ದಿಯಲ್ಲಿ ನೂರೋವಾ ಮೊಣಕಾಲಿನ ನೋವು ಎದೆಗೆ ಹತ್ತಿ ಸತ್ತಿದ್ದ. ಎಡಕ್ಕೆ ಹೋದದ್ದರಲ್ಲಿ ಅವನನ್ನು ಹಂದಿ ತುಳಿದಿತ್ತು. ದ್ವೀಪದ ಆಚೆ ಬದಿಯಲ್ಲಿ ಎರಡೂ ಎದುರುಬದುರಾದಾಗ, ಮೊದಲು ಹಂದಿ ಮೊಣಕಾಲು ತುಳಿಯಿತು, ನೋವು ಆಮೇಲೆ ಎದೆಗೆ ಹತ್ತಿತು ಎಂದು ರಾಜಿಯಾಯಿತು.

ಇತ್ತ ನೂರೋವಾ ರಸ್ತೆಯಲ್ಲಿ ಹೋಗುತ್ತ ಎಂದಿನಂತೆ ಕೈ ಬೀಸಿದ. ಯಾರೂ ತಿರುಗಿ ಬೀಸಲಿಲ್ಲ. ದಿನವೂ ಬೈದು ಮಾತಾಡಿಸುವ ಮೀನುಗಾರನೊಬ್ಬ ಇವತ್ತು ಹಲ್ಲು ಕಿರಿದು, "ನಮ್ ದ್ವೀಪ ಹೇಗಿದೆ ಸಾರ್?" ಎಂದು ಕೇಳಿದ. ನೂರೋವಾ ಗಾಬರಿಯಿಂದ, "ಚೆನ್ನಾಗಿದೆ" ಎಂದ.

ಪೇಟೆಯಲ್ಲಿ ಹೂವಿನವಳು ಅಂಗಡಿ ಮುಚ್ಚುತ್ತಿದ್ದಳು.

"ಬೇಗ ತಗೊಳಪ್ಪ. ಅರೊರಂಗಿಯಲ್ಲಿ ಸಾವಾಗಿದೆ, ಹೋಗ್ಬೇಕು."

"ಯಾರು?"

"ಹಂದಿ ಸಾಕೋ ನೂರೋವಾ. ವಾಸನೆ ಒಂದು ಬಿಟ್ರೆ ಚಿನ್ನದಂಥ ಮನುಷ್ಯ."

ನೂರೋವಾ ಹೆಲ್ಮೆಟ್ಟಿನ ಗಾಜು ಎತ್ತಿದ. "ನಾನೇ ನೂರೋವಾ!"

ಹೂವಿನವಳು ಅವನ ಮುಖದ ಪಕ್ಕದಿಂದ ಬಗ್ಗಿ ಬೈಕು ನೋಡಿದಳು. ಮೂಗೆಳೆದು ವಾಸನೆ ಹಿಡಿದಳು. "ಅಲ್ಲ. ನೂರೋವಾನ ಬೈಕು ನಂಗೆ ಗೊತ್ತಿಲ್ವಾ? ಸತ್ತವರ ಹೆಸರಲ್ಲಿ ತಮಾಷೆ ಮಾಡ್ಬಾರ್ದಪ್ಪ, ಒಳ್ಳೇದಲ್ಲ," ಎಂದು ಇದ್ದ ಮಾಲೆಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಅವನ ಸಾವಿಗೆ ಹೊರಟುಹೋದಳು.

ತನ್ನ ಮಾಲೆ ತನಗೇ ಸಿಗದೆ ನೂರೋವಾ ವಿಮಾನ ನಿಲ್ದಾಣದ ಕಡೆ ತಿರುಗುವಷ್ಟರಲ್ಲಿ ಕಾನ್‌ಸ್ಟೇಬಲ್ ತೆರೆಪಾಯಿ ಕೈ ಅಡ್ಡ ಹಿಡಿದ. ತೆರೆಪಾಯಿ ತುವಾಯಿನೆ ಅತ್ತೆಯ ಮಗ. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದ.

"ಹೆಲ್ಮೆಟ್ ತೆಗೀರಿ ಸಾರ್."

ನೂರೋವಾ ತೆಗೆದ. ತೆರೆಪಾಯಿ ಎರಡು ಹೆಜ್ಜೆ ಹಿಂದಕ್ಕೆ ಹೋದ.

"ನೀನು ಸತ್ತಿಲ್ವೇನೋ?"

"ಇಲ್ಲ ಕಣೋ!"

"ಅಮ್ಮ ಹೇಳಿದ್ಲಲ್ಲ?"

"ನಿಮ್ಮಮ್ಮ ಹೇಳಿದ್ರೆ ಸಾಯ್ಬೇಕಾ ನಾನು?"

ತೆರೆಪಾಯಿ ಇದನ್ನು ಸ್ವಲ್ಪ ಯೋಚಿಸಿದ. ಅವನ ಮನೆಯಲ್ಲಿ ಅಮ್ಮ ಹೇಳಿದ್ದಕ್ಕೆ ಎದುರು ನಡೆದವರಿರಲಿಲ್ಲ. ಆಮೇಲೆ ಅವನ ಕಣ್ಣು ಬೈಕಿನ ಮೇಲೆ ಬಿತ್ತು, ಒಳಗಿನ ಪೊಲೀಸು ಎಚ್ಚರವಾದ.

"ಡಾಕ್ಟ್ರ ಬೈಕು ನಿನ್ ಹತ್ರ ಹೇಗೆ ಬಂತು?"

"ಯಾವ ಡಾಕ್ಟ್ರು? ಇದು ನನ್ ಬೈಕು! ತೊಳ್ದಿದೀನಿ!"

"ನೂರೋವಾ, ನಾನು ನಿನ್ನನ್ನ ಹುಟ್ಟಿದಾಗಿಂದ ನೋಡಿದೀನಿ. ಏನಾದ್ರೂ ನಂಬೋ ಹಾಗೆ ಹೇಳು."

"ನಂಬರ್ ಪ್ಲೇಟು ನೋಡು."

"ನಿನ್ ಬೈಕಿಗೆ ನಂಬರ್ ಪ್ಲೇಟೇ ಇರ್ಲಿಲ್ಲ. ನಾನೇ ಎಷ್ಟು ಸಲ ಕೇಳಿದೀನಿ."

"ಇತ್ತು, ಟಾರಿನ ಕೆಳಗಿತ್ತು!"

ಶನಿವಾರ ನಂಬರು ನೋಡಿ ಹೇಳುವ ಕಚೇರಿಗೆ ರಜ. ಆದ್ದರಿಂದ ತೆರೆಪಾಯಿ ತಾನೇ ಕೆಂಪು ಬೈಕು ಹತ್ತಿ, ನೂರೋವಾನನ್ನು ಹಿಂದೆ ಕೂರಿಸಿಕೊಂಡು, ಸಾಕ್ಷಿ ಕೇಳಲು ಅರೊರಂಗಿಗೆ ತಿರುಗಿಸಿದ. ವಿಮಾನ ನಿಲ್ದಾಣ ಬೆನ್ನ ಹಿಂದೆ ಉಳಿಯಿತು. ಇಪ್ಪತ್ತು ವರ್ಷಗಳ ಹಿಂದೆಯೂ ಹೀಗೆಯೇ ಉಳಿದಿತ್ತು, ಆಗ ಹಂದಿ, ಈಗ ಪೊಲೀಸು.

ಮನೆಯಲ್ಲಿ ಅಂಗಳ ತುಂಬ ಜನ. ಟಾರ್ಪಾಲಿನ ಕೆಳಗೆ ತೆಂಗಿನಹಾಲಿನಲ್ಲಿ ಬೆಂದ ಕೆಸುವಿನ ಸೊಪ್ಪು, ಸುಟ್ಟ ದೀವಿಹಲಸು, ನಿಂಬೆರಸದಲ್ಲಿ ನೆನೆಸಿದ ಹಸಿ ಮೀನು. ಹೆಂಗಸರು ಬಿಳಿ ಉಡುಗೆಯಲ್ಲಿ ಕೂತು ಎತ್ತರದ ಸ್ವರದಲ್ಲಿ ಸ್ತುತಿಗೀತೆ ಹಾಡುತ್ತಿದ್ದರು. ನೂರೋವಾ ಬೈಕಿನಿಂದ ಇಳಿದದ್ದನ್ನು ಕಂಡು ಹಾಡು ಒಂದೊಂದೇ ಗಂಟಲಿನಲ್ಲಿ ನಿಂತು, ಕೊನೆಗೆ ಕಣ್ಣು ಮುಚ್ಚಿಕೊಂಡಿದ್ದ ಒಬ್ಬ ಮುದುಕನ ದನಿಯಷ್ಟೇ ಉಳಿಯಿತು.

ತುವಾಯಿನೆ ಅತ್ತೆ ಎದ್ದು ಬಂದು ಅವನ ಕೆನ್ನೆ ಹಿಡಿದು ನೋಡಿದಳು, ಮೊಣಕಾಲು ಒತ್ತಿ ನೋಡಿದಳು, ಆಮೇಲೆ ಬೆನ್ನಿಗೊಂದು ಬಲವಾಗಿ ಬಾರಿಸಿದಳು. "ಇಷ್ಟೆಲ್ಲಾ ಅಡುಗೆ ಮಾಡಿದ್ಮೇಲೆ ಬದುಕಿ ಬಂದಿದಾನೆ ನೋಡಿ!"

"ಸಮಾಧಿ ಹೊತ್ತಿಗೆ ಓದೋ ಪ್ರಸಂಗ ಬರೆದಾಗಿತ್ತು," ಎಂದರು ಪಾದ್ರಿಗಳು ಬೇಸರದಿಂದ. "ನಿನ್ನ ಬಗ್ಗೆ ಬಹಳ ಒಳ್ಳೇದು ಬರೆದಿದ್ದೆನಪ್ಪ. ಕಷ್ಟಪಟ್ಟು."

ತೆರೆಪಾಯಿ ಸಭೆಯ ನಡುವೆ ನಿಂತು ಗಂಟಲು ಸರಿಮಾಡಿಕೊಂಡ. "ಇದು ತನ್ನ ಬೈಕು ಅಂತಾನೆ. ನೂರೋವಾನ ಬೈಕಿನ ಬಣ್ಣ ಯಾವ್ದು, ಯಾರಾದ್ರೂ ಹೇಳಿ."

"ಕಂದು," ಎಂದರು ಎಡಗಡೆಯವರು. "ಬೂದು," ಎಂದರು ಬಲಗಡೆಯವರು. "ಮಳೆ ಬಂದಾಗ ಹಸಿರು," ಎಂದ ಮುದುಕ. "ಅದಕ್ಕೆ ಬಣ್ಣ ಅಂತ ಇರ್ಲಿಲ್ಲಪ್ಪ, ಬರೀ ವಾಸನೆ ಇತ್ತು," ಎಂದಳು ಹೂವಿನವಳು. ಕೆಂಪು ಎಂದು ಒಬ್ಬರೂ ಹೇಳಲಿಲ್ಲ.

ಅಷ್ಟರಲ್ಲಿ ಕಡಲಿನ ಮೇಲಿಂದ ಗುಡುಗಿನಂಥ ಸದ್ದು ಬಂತು. ಎಲ್ಲರೂ ತಲೆಯೆತ್ತಿದರು. ಆಕ್ಲೆಂಡಿನ ವಿಮಾನ ಬಿಳಿ ಹೊಟ್ಟೆ ತೋರಿಸಿಕೊಂಡು ಕೆಳಗಿಳಿಯುತ್ತಿತ್ತು. ನೂರೋವಾ ಅದನ್ನು ನೋಡುತ್ತಲೇ ಗೋರಿಯ ಅಂಚಿನ ಮೇಲೆ ಕೂತುಬಿಟ್ಟ.

"ಮತ್ತೆ ಮೊಣಕಾಲೇನೋ?" ಎಂದಳು ಅತ್ತೆ.

"ಮೊಣಕಾಲಿಗೆ ಏನೂ ಆಗಿಲ್ಲ ಅತ್ತೆ. ಆ ವಿಮಾನದಲ್ಲಿ ಅಕಯಿತಿ ಬರ್ತಿದಾಳೆ. ಕೆಂಪು ಬೈಕು ಅಲ್ಲಿದ್ರೆ ಬರ್ತೀನಿ, ಇಲ್ದಿದ್ರೆ ವಾಪಸ್ ಹೋಗ್ತೀನಿ ಅಂದಿದಾಳೆ. ದಿನಾ ಒರೆಸ್ತೀನಿ ಅಂತ ಸುಳ್ಳು ಹೇಳಿದ್ದೆ. ಅದಕ್ಕೇ ಎಣ್ಣೆ. ಅದಕ್ಕೇ ಗುಂಡಿ."

ಅಂಗಳದಲ್ಲಿ ಹಂದಿಗಳೂ ಸುಮ್ಮನಾದವು.

"ಅಕಯಿತಿ ಅಂದ್ರೆ," ಎಂದಳು ಅತ್ತೆ ಮೆಲ್ಲಗೆ, "ಎಳನೀರು ಎಸೆದವಳು?"

"ಹೂಂ."

"ಇದನ್ನ ನಂಗೆ ಹೇಳ್ಬಾರ್ದಿತ್ತೇನೋ ಮುಂಡೇದೇ! ಒಂದ್ ಮಾತು ಹೇಳಿದ್ರೆ ಇಡೀ ಅರೊರಂಗಿ ಸೇರಿ ತಿಕ್ಕಿ ಕೊಡ್ತಿತ್ತು!" ಎಂದವಳೇ ಅತ್ತೆ ಜನರ ಕಡೆ ತಿರುಗಿದಳು. "ಏನ್ ನೋಡ್ತಾ ಕೂತಿದೀರಿ? ಮಾಲೆ ಎತ್ಕೊಳಿ! ಮೀನು ಮುಚ್ಚಿಡಿ! ಏಳಿ, ಏಳಿ!"

ಸಾವಿಗೆಂದು ಬಂದ ಮಾಲೆಗಳೆಲ್ಲ ಒಂದು ಕ್ಷಣದಲ್ಲಿ ಸ್ವಾಗತದ ಮಾಲೆಗಳಾದವು. ಪಾದ್ರಿಗಳು ತಮ್ಮ ಪ್ರಸಂಗವನ್ನು ಮನಸ್ಸಿನಲ್ಲೇ ಹೇಳಿಕೊಂಡು, ಹಾಳೆ ಮಡಿಸಿ ಜೇಬಿಗಿಟ್ಟರು. "ಒಂದೆರಡು ಮಾತು ಬದಲಾಯಿಸಿದರೆ ಮದುವೆಗೂ ಆಗುತ್ತೆ," ಎಂದರು. ತೆರೆಪಾಯಿ ಮಾತ್ರ ಅಲುಗಲಿಲ್ಲ. "ಬೈಕು ಪೊಲೀಸ್ ವಶದಲ್ಲಿದೆ. ಯಾರದ್ದು ಅಂತ ಗೊತ್ತಾಗೋವರ್ಗೂ ನಾನೇ ಓಡಿಸ್ತೀನಿ."

ಹಾಗೆ ಹೊರಟಿತು ಮೆರವಣಿಗೆ. ಮುಂದೆ ಕೆಂಪು ಬೈಕಿನ ಮೇಲೆ ಕಾನೂನು. ಅದರ ಹಿಂದೆ ತುವಾಯಿನೆ ಅತ್ತೆಯ ಸ್ಕೂಟರು, ಅತ್ತೆಯ ಸೊಂಟ ಹಿಡಿದು ಕೂತ ನೂರೋವಾ. ಅವರ ಹಿಂದೆ ದ್ವೀಪದ ಅರ್ಧ ಬೈಕುಗಳು, ಎಲ್ಲರೂ ಬಿಳಿ ಉಡುಗೆಯಲ್ಲಿ.

ವಿಮಾನದಿಂದ ಇಳಿದ ಜನ ಹೊರಬರುತ್ತಿದ್ದರು. ಅಕಯಿತಿಯ ಅಣ್ಣ ವ್ಯಾನಿನ ಬಾಗಿಲು ತೆರೆದು ನಿಂತಿದ್ದ. ಕೊನೆಗೆ ನೀಲಿ ಹೂವಿನ ಅಂಗಿಯ, ಕಿವಿಯ ಬಳಿ ನರೆ ಇಣುಕಿದ ಹೆಂಗಸೊಬ್ಬಳು ಪೆಟ್ಟಿಗೆ ಎಳೆದುಕೊಂಡು ಬಂದು, ಇಷ್ಟು ಜನರನ್ನು ಕಂಡು, ಯಾರೋ ಮಂತ್ರಿ ಬರುತ್ತಿರಬೇಕೆಂದು ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಮತ್ತೆ ಮುಂದೆ ನೋಡಿದಾಗ ಬಿಸಿಲಲ್ಲಿ ಉರಿಯುತ್ತಿದ್ದ ಆ ಕೆಂಪು ಕಂಡಿತು.

ಪೆಟ್ಟಿಗೆ ಅಲ್ಲೇ ಬಿಟ್ಟಳು. ನೆಟ್ಟಗೆ ನಡೆದು ಬಂದಳು. ಟ್ಯಾಂಕಿನ ಮೇಲೆ ಕೈಯಾಡಿಸಿ, ಆ ಗುಳಿಯಲ್ಲಿ ಹೆಬ್ಬೆರಳು ಇಟ್ಟಳು. ಬೆರಳು ಸರಿಯಾಗಿ ಕೂತಿತು.

"ಇದು ನಾನು ಮಾಡಿದ್ದು," ಎಂದಳು. ಆಮೇಲೆ ತಲೆಯೆತ್ತಿ, ಬೈಕಿನ ಮೇಲೆ ಎದೆಯುಬ್ಬಿಸಿ ಕೂತಿದ್ದವನ ಮುಖ ನೋಡಿದಳು. ಮುಖವನ್ನೇ ನೋಡಿದಳು! ದ್ವೀಪದಲ್ಲಿ ಅಂಥದ್ದು ನಡೆದು ಎಷ್ಟು ಕಾಲವಾಗಿತ್ತೋ. "ನೀನು ನೂರೋವಾ ಅಲ್ಲ. ನೂರೋವಾನ ಕಿವಿ ಇಷ್ಟು ಚಿಕ್ಕದಿರ್ಲಿಲ್ಲ. ಇಳಿಯೋ ಅವನ ಬೈಕಿನಿಂದ."

ಕಾನೂನಿಗೆ ಬೇಕಾದ ಸಾಕ್ಷಿ ಸಿಕ್ಕಿತು. ತೆರೆಪಾಯಿ ಇಳಿದು ಸೆಲ್ಯೂಟ್ ಹೊಡೆದ.

ಅಕಯಿತಿ ಗುಂಪಿನತ್ತ ತಿರುಗಿ ಒಂದೊಂದೇ ಮುಖ ದಾಟುತ್ತ ಬಂದು, ಅತ್ತೆಯ ಬೆನ್ನ ಹಿಂದೆ ಅಡಗಿದ್ದ ಎರಡು ದೊಡ್ಡ ಕಿವಿಗಳ ಎದುರು ನಿಂತಳು.

"ಮುಖ ಮರ್ತೋಗಿದೆ ಅಂದಿದ್ಯಲ್ಲ," ಎಂದ ನೂರೋವಾ.

"ನೀನೊಬ್ಬನೇ ಸುಳ್ಳು ಹೇಳ್ಬೇಕಾ?" ಎಂದಳು. ಆಮೇಲೆ, "ಅದಿರ್ಲಿ, ನಿಜವಾಗ್ಲೂ ಒರೆಸ್ತಾ ಇದ್ಯಾ ದಿನಾ?"

ನೂರೋವಾ ಬಾಯಿ ತೆರೆದ. ಅವನು ಮತ್ತೇನು ಹೇಳಿಬಿಡುತ್ತಾನೋ ಎಂದು ಹೆದರಿ ತುವಾಯಿನೆ ಅತ್ತೆ, "ಒಂದು ದಿನ ಬಿಟ್ಟಿಲ್ಲಮ್ಮ!" ಎಂದಳು. ಐವತ್ತು ತಲೆಗಳು ಹೌದೆಂದು ಆಡಿದವು, ಪಾದ್ರಿಗಳದ್ದೂ ಸೇರಿ. ಅವರು ಮಾತ್ರ ಆಮೇಲೆ ಆಕಾಶ ನೋಡಿ ಏನೋ ಗೊಣಗಿಕೊಂಡರು.

ಅಕಯಿತಿ ಬೈಕಿನ ಹಿಂದೆ ಕೂತು ಮೂಗರಳಿಸಿದಳು. "ಯಾಕೋ ಇಷ್ಟು ತೆಂಗಿನೆಣ್ಣೆ ವಾಸನೆ?"

"ಮೊಣಕಾಲು ನೋವು!" ಎಂದಿತು ಇಡೀ ಅರೊರಂಗಿ ಒಂದೇ ದನಿಯಲ್ಲಿ.

ಇಪ್ಪತ್ತು ವರ್ಷ ಉಳಿದಿದ್ದ ಆ ಮುಖ್ಯವಾದ ಮಾತನ್ನು ನೂರೋವಾ ದಾರಿಯಲ್ಲಿ ಕೇಳಿದನೋ ಇಲ್ಲವೋ, ಗಾಳಿಯ ಸದ್ದಿಗೆ ಹಿಂದಿನವರಿಗೆ ಕೇಳಿಸಲಿಲ್ಲ. ಅತ್ತೆ ಎಷ್ಟೇ ಹತ್ತಿರಕ್ಕೆ ಸ್ಕೂಟರು ತಂದರೂ ಕೇಳಿಸಲಿಲ್ಲ. ರಸ್ತೆಯ ನಡುವೆ ಒಂದು ಕೆಸರಿನ ಹೊಂಡ ಬಂದಾಗ ನೂರೋವಾ ಅದನ್ನು ಬಳಸಿಕೊಂಡು ಹೋದ. ಹಿಂದಿದ್ದ ಬೈಕುಗಳೂ ಸಾಲಾಗಿ ಬಳಸಿಕೊಂಡು ಹೋದವು.

ಸೋಮವಾರ ಬೆಳಿಗ್ಗೆ ಅತ್ತೆ ಒಂದು ತೆಂಗಿನ ಸಸಿ ಹಿಡಿದುಕೊಂಡು ಬಂದು, ಗೋರಿಯ ಪಕ್ಕದ ಗುಂಡಿಗೆ ಹೊಸ ಮಣ್ಣು ಸುರಿದು ತುಂಬಿ, ಅದರಲ್ಲಿ ನೆಟ್ಟಳು. "ತೋಡಿದ ಗುಂಡಿ ಖಾಲಿ ಬಿಡ್ಬಾರ್ದು. ಮುಂದಿನ ಸಲ ತೊಳೆಯೋಕೆ ನನ್ನೆಣ್ಣೆ ಕೇಳ್ಬೇಡ, ಇದರದ್ದು ತಗೋ."

ಜಗುಲಿಯಲ್ಲಿ ನಿಂತಿದ್ದ ಅಕಯಿತಿ ಕೇಳಿದಳು, "ಇದು ಕಾಯಿ ಬಿಡೋಕೆ ಎಷ್ಟು ವರ್ಷ ಬೇಕು ಅತ್ತೆ?"

"ಆರೋ ಏಳೋ. ನೀರು ಹಾಕೋರು ಇರ್ಬೇಕು ಅಷ್ಟೆ."

ಅಕಯಿತಿ ಒಂದು ಕ್ಷಣ ಸಸಿಯನ್ನೂ, ಪಕ್ಕದಲ್ಲಿ ಬನಿಯನ್ ತುಂಡು ಹಿಡಿದು ಬೈಕು ಒರೆಸುತ್ತಿದ್ದವನನ್ನೂ ನೋಡಿದಳು. ಆಮೇಲೆ ಬಕೆಟ್ಟು ತೆಗೆದುಕೊಂಡು ನಲ್ಲಿಯ ಕಡೆ ಹೋದಳು.